ಅಂಜುಮಳ ಪಕ್ಕದ ತಾಟು

ಮೊದಲೇ ಹೇಳಿಬಿಡುತ್ತೇನೆ, ನಾನು ಸಿಡುಕಿ. ಹುಟ್ಟಿದಾಗ ನಾನು ಅಳಲೇ ಇಲ್ಲ, ಸೂಲಗಿತ್ತಿಯನ್ನು ಬೈದೆ ಎಂದು ನಮ್ಮವ್ವ ಲಕ್ಕವ್ವ ಇವತ್ತಿಗೂ ಮಂದಿಯ ಮುಂದೆ ಹೇಳುತ್ತಾಳೆ. ಹೆಸರು ರುದ್ರವ್ವ, ಅಜ್ಜಿಯದು. ನನಗಿಂತ ಎರಡು ವರ್ಷಕ್ಕೆ ಸಣ್ಣವಳಾದ ತಂಗಿ ಹುಟ್ಟುವ ಹೊತ್ತಿಗೆ ಹೆಸರಿಡುವವರಿಗೆ ಕೊಂಚ ಬುದ್ಧಿ ಬಂದಿತ್ತು. ಅವಳು ಸೌಭಾಗ್ಯ ಆದಳು. ಮುಖ ಮಾತ್ರ ಇಬ್ಬರದೂ ಒಂದೇ ಅಚ್ಚು. ದನಿಯೂ ಅಷ್ಟೇ. ಫೋನಿನಲ್ಲಿ ಅವ್ವನಿಗೇ ಗುರುತು ಸಿಗುವುದಿಲ್ಲ. ಬೈದರೆ ನಾನು, ನಕ್ಕರೆ ಅವಳು ಎಂದು ತಿಳಿದುಕೊಳ್ಳುತ್ತಾಳೆ.

ನಮ್ಮ ಮನೆ ಎಂದರೆ ತಿಕೋಟಾದಿಂದ ಒಳಕ್ಕೆ, ದ್ರಾಕ್ಷಿ ತೋಟಗಳ ನಡುವೆ, ಒಣದ್ರಾಕ್ಷಿ ಮಾಡುವ ಶೆಡ್ಡಿನ ಬಗಲಿಗಿರುವ ಎರಡು ಖೋಲಿ. ಬಸ್ಸು ಬರುವ ರಸ್ತೆ ಮುಟ್ಟಬೇಕಾದರೆ ಯಾರ್ಯಾರದೋ ತೋಟ ದಾಟಬೇಕು, ಹಳ್ಳ ಇಳಿದು ಹತ್ತಬೇಕು. ಅಪ್ಪ ಬಸಗೊಂಡಪ್ಪ ಆ ಶೆಡ್ಡು ಕಾಯುತ್ತಿದ್ದ. ನಾನು ಬಬಲೇಶ್ವರದಲ್ಲಿ ಪಿಯುಸಿ ಮುಗಿಸಿ, ಇಡೀ ಕಾಲೇಜಿಗೆ ಎರಡನೆಯವಳಾಗಿ ಪಾಸಾದ ವಾರವೇ ಅಪ್ಪ ಎದೆ ಹಿಡಿದುಕೊಂಡು ಕುಂತವನು ಏಳಲಿಲ್ಲ. ಒಂಟಿ ಹೆಂಗಸನ್ನು ತೋಟದಲ್ಲಿ ಬಿಟ್ಟು ಹೋಗಲು ಬರುತ್ತದೆಯೇ? ಶೆಡ್ಡಿನ ಕೆಲಸ ಅವ್ವನ ಕೈಗೆ ಬಂತು, ಅವ್ವ ನನ್ನ ಕೈಗೆ ಬಂದಳು. ನಾನು ಉಳಿದೆ. ಖುಷಿಯಿಂದ ಉಳಿದೆ ಎಂದು ಯಾರಾದರೂ ಹೇಳಿದರೆ ಅವರ ಬಾಯಿಗೆ ಬೂದಿ ಬೀಳಲಿ. ಹೊಟ್ಟೆಕಿಚ್ಚು ಪಟ್ಟೆ, ಅತ್ತೆ, ತಂಗಿಯ ಪುಸ್ತಕ ಕದ್ದು ಓದಿದೆ, ಆಮೇಲೆ ಹಣ್ಣು ಆರಿಸಲು ಕುಂತೆ.

ಸೌಭಾಗ್ಯಳಿಗೆ ಮಂಗಳೂರಿನಲ್ಲಿ ಮೀನುಗಾರಿಕೆ ಓದುವ ಸೀಟು ಸಿಕ್ಕಾಗ ನಮ್ಮ ಮಂದಿ ಬಿದ್ದು ಬಿದ್ದು ನಕ್ಕರು. ಲಿಂಗ ಕಟ್ಟಿಕೊಂಡವರ ಮನೆಯ ಹುಡುಗಿ ಮೀನು ಕೊಯ್ಯಲು ಸಮುದ್ರಕ್ಕೆ ಹೊಂಟಳು ಎಂದು. ತಿಕೋಟಾದ ಬಸಲಿಂಗಯ್ಯ ಸ್ವಾಮಿಗಳು ಒಬ್ಬರೇ, "ಮೀನ ತಿನ್ನೂದು ಬ್ಯಾಡ, ಓದಾಕೇನಾಗೈತಿ? ಹೋಗವ್ವಾ," ಎಂದರು. ಓದಿಸುವವರು ಯಾರು ಎಂದು ಅವ್ವ ಕೇಳಿದ್ದಕ್ಕೆ ವಿಜಯಪುರದ ಪೀರಾಂಬಿಯ ಮನೆ ತೋರಿಸಿಕೊಟ್ಟವರೂ ಅವರೇ.

ಪೀರಾಂಬಿ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ, ಒಣದ್ರಾಕ್ಷಿ ಅಂಗಡಿಯ ಮೇಲಿನ ಮನೆಯಲ್ಲಿರುವ ಮುದುಕಿ. ಗಂಡ ತೀರಿದ ಮೇಲೆ ವ್ಯಾಪಾರವನ್ನು ಮೈದುನನ ಮಗ ಮುನಾಫ ನೋಡಿಕೊಳ್ಳುತ್ತಾನೆ. ಅವಳಿಗೆ ಅಂಜುಮ ಎಂಬ ಒಬ್ಬಳೇ ಮಗಳಿದ್ದಳು. ಮೈಸೂರಿಗೆ ಓದಲು ಹೋಗುತ್ತೇನೆ ಎಂದು ಹಟ ಹಿಡಿದಿದ್ದಳಂತೆ. ಅಷ್ಟು ದೂರ ಹೆಣ್ಣುಮಗಳನ್ನು ಕಳಿಸಲು ಹೆದರಿ ಪೀರಾಂಬಿ ಮನೆಯಲ್ಲೇ ಇಟ್ಟುಕೊಂಡಳು. ಅದೇ ವರ್ಷ ಜ್ವರ ಬಂದು ಅಂಜುಮ ಹೋದಳು. "ದೂರ ಹೋದ್ರ ಏನಾಗ್ತೈತೋ ಅಂತ ಅಂಜಿದೆ. ಮಗ್ಗಲದಾಗ ಇಟಗೊಂಡ್ರೂ ಉಳೀಲಿಲ್ಲ," ಎಂದು ಪೀರಾಂಬಿ ಎಲ್ಲರೆದುರಿಗೂ ಹೇಳುತ್ತಿದ್ದಳು. ಆಗಿನಿಂದ ತೋಟದ ವಸ್ತಿ, ಅಡ್ಡಹಾದಿಯ ಹಳ್ಳಿಗಳ ಹುಡುಗಿಯರನ್ನು ಹುಡುಕಿ, ದೂರದ ಊರಲ್ಲಿ ಓದಿಸುತ್ತಾಳೆ. ಹತ್ತಿರದ ಕಾಲೇಜೆಂದರೆ ಕೊಡುವುದಿಲ್ಲ.

ಕರಾರು ಒಂದೇ. ಅಂಜುಮ ತೀರಿದ ದಿನ ಅವಳ ಹೆಸರಿನಲ್ಲಿ ಅಡುಗೆ ಮಾಡಿ ಫಾತಿಹಾ ಪ್ರಾರ್ಥನೆ ಓದಿಸುತ್ತಾರೆ. ಆ ದಿನ ಓದುವ ಹುಡುಗಿ ಎಲ್ಲಿದ್ದರೂ ಬಂದು, ಅಂಜುಮಳ ತಾಟಿನಲ್ಲಿ ಉಣ್ಣಬೇಕು. ಬಾರದವಳಿಗೆ ಮುಂದಿನ ವರ್ಷದ್ದಿಲ್ಲ. ಸೌಭಾಗ್ಯಳ ಎರಡನೆಯ ವರ್ಷದಲ್ಲಿ ಒಬ್ಬಳು ತನ್ನ ಬದಲಿಗೆ ಚಿಕ್ಕಪ್ಪನ ಮಗಳನ್ನು ಕಳಿಸಿ ಮುನಾಫನ ಕೈಗೆ ಸಿಕ್ಕಿಬಿದ್ದಳು. ಅವನು ಅಲ್ಲಿಗೇ ಬಂದ್ ಮಾಡಿಸಿದ. ಆ ಹುಡುಗಿ ನಡುವೆಯೇ ಕಾಲೇಜು ಬಿಟ್ಟು ಊರು ಸೇರಿ, ಈಗ ಅವಳ ಮಡಿಲಲ್ಲೊಂದು ಕೂಸಿದೆ.

ಆ ದಿನ ಚಂದ್ರನ ಲೆಕ್ಕದಲ್ಲಿ ಬರುವುದರಿಂದ ವರ್ಷ ವರ್ಷ ಹಿಂದಕ್ಕೆ ಸರಿಯುತ್ತದೆ. ಮೊದಲೆರಡು ಸಲ ಸೌಭಾಗ್ಯಳ ರಜೆಯಲ್ಲಿ ಬಿದ್ದಿತ್ತು, ಬಂದು ಉಂಡು ಹೋದಳು. ಮೂರನೆಯ ಸಲ ಸರಿದು ಸರಿದು ಸರಿಯಾಗಿ ಅವಳ ಪರೀಕ್ಷೆಯ ಮೇಲೆಯೇ ಬಂದು ಕುಂತಿತು.

"ಪೀರಾಂಬಿ ಅಮ್ಮಾರಿಗೆ ಫೋನ್ ಮಾಡಿ ಹೇಳ್ಲೇನಕ್ಕಾ?" ಎಂದಳು ಸೌಭಾಗ್ಯ ಫೋನಿನಲ್ಲಿ.

ಅವ್ವ ನನ್ನ ಕೈಯಿಂದ ಫೋನ್ ಕಸಿದುಕೊಂಡಳು. "ಹುಚ್ಚಿ, ಸುಮ್ಕಿರು! ಬರೂದಿಲ್ಲ ಅಂತ ನಾವ ಬಾಯಿ ತೆಗೆದು ಹೇಳಿದ್ರ ಅವರಿಗೆ ಬ್ಯಾಡ ಅನ್ನಾಕ ಹಗುರ ಆಗ್ತೈತಿ. ನೀ ಪರೀಕ್ಷೆ ಬರಿ. ಇಲ್ಲಿದು ನಾ ನೋಡ್ಕೋತೇನಿ."

ಫೋನ್ ಇಟ್ಟು ನನ್ನ ಕಡೆ ನೋಡಿದಳು. ಅವ್ವ ಹಾಗೆ ನೋಡಿದಾಗಲೆಲ್ಲ ನನಗೊಂದು ಕೆಲಸ ಹುಟ್ಟಿರುತ್ತದೆ.

"ನೀನ ಹೋಗು."

"ಯವ್ವಾ, ಆ ಮುನಾಫ ಏನು ಕುರುಡ ಅದಾನೇನ?"

"ಅಂವ ಆಕಿನ್ನ ಎರಡ ಸಲ ನೋಡ್ಯಾನ, ಅದೂ ಬಾಗಿಲದಾಗ ನಿಂತು. ಅಮ್ಮಾರ ಕಣ್ಣಿಗೆ ಪೊರಿ ಬಂದೈತಿ. ಉಣ್ಣೂದು, ಎದ್ದ ಬರೂದು. ತಂಗಿ ಓದು ಉಳೀಬೇಕೋ ಬ್ಯಾಡೋ?"

ಸೌಭಾಗ್ಯ ಬಿಟ್ಟು ಹೋಗಿದ್ದ ಚೂಡಿದಾರ ಹಾಕಿಕೊಂಡೆ. ಒಣಗಿಸುವ ಮೊದಲು ದ್ರಾಕ್ಷಿ ಅದ್ದುವ ಎಣ್ಣೆಯ ವಾಸನೆ ಹೋಗಲೆಂದು ಕೈಗೆ ನಿಂಬೆಹಣ್ಣು ತಿಕ್ಕಿದೆ. ಬಿರುಕಿನಲ್ಲಿ ಹುಳಿ ಇಳಿದು ಕಣ್ಣಲ್ಲಿ ನೀರು ಬಂತು.

ಅವ್ವನೂ ಜೊತೆಗೆ ಹೊರಟಳು. ಗಾಂಧಿ ಚೌಕದಲ್ಲಿ ಆಟೋಗಳ ಗದ್ದಲ ದಾಟಿ, ಮೆಟ್ಟಿಲು ಹತ್ತಿ ಹೋದರೆ ಲೋಬಾನದ ಹೊಗೆಯ ನಡುವೆ ಪೀರಾಂಬಿ ಗೋಡೆಗೆ ಒರಗಿ ಕುಂತಿದ್ದಳು. ಬಾಗಿಲ ಹತ್ತಿರ ಮುನಾಫ.

"ಯಾರು, ನನ್ನ ಮೀನದ ಹುಡಿಗೀನ? ಬಾ ಬೇಟಾ, ಹತ್ರ ಬಾ. ಕಣ್ಣಿಗೆ ಮಂಜ ಕವದೈತಿ, ಮುಟ್ಟೇ ನೋಡಬೇಕು." ಎರಡೂ ಅಂಗೈಯಲ್ಲಿ ನನ್ನ ಮುಖ ಹಿಡಿದು ಸವರಿ, ತನ್ನ ಹಣೆಯ ಬದಿಗೆ ಬೆರಳೊತ್ತಿ ಲಟಲಟ ಲಟಿಕೆ ಮುರಿದಳು. ಹಾಗೆ ನನಗೆ ದೃಷ್ಟಿ ತೆಗೆದವರು ಅಜ್ಜಿಯ ನಂತರ ಯಾರೂ ಇರಲಿಲ್ಲ. ಆಮೇಲೆ ನನ್ನ ಕೈ ಹಿಡಿದಳು. "ಅಯ್ಯ, ಕೈ ಯಾಕ ಹಿಂಗ ಬಿರತಾವು?"

"ಸಮುದ್ರದ ನೀರ್ರಿ ಅಮ್ಮಾರ, ಉಪ್ಪು," ಎಂದೆ ನಾನು.

ಮುನಾಫನಿಗೆ ನಗು ಬಂತು. ಪರೀಕ್ಷೆ ಮಾಡುವವನ ಹಾಗೆ ಕೇಳಿದ, "ಹೌದವಾ, ಮೀನ ನಿದ್ದಿ ಮಾಡ್ತಾವೇನ?"

ಸೌಭಾಗ್ಯ ದಿನಾ ಸಂಜೆ ಫೋನಿನಲ್ಲಿ ಅವತ್ತು ಓದಿದ್ದನ್ನೆಲ್ಲ ನನಗೆ ಹೇಳುತ್ತಾಳೆ. ಹೇಳದಿದ್ದರೆ ಬೈದು ಹೇಳಿಸಿಕೊಳ್ಳುತ್ತೇನೆ. "ಮಾಡ್ತಾವ್ರಿ, ಕಣ್ಣ ತೆರಕೊಂಡ. ಅವಕ್ಕ ರೆಪ್ಪಿ ಇರೂದಿಲ್ಲ, ಮುಚ್ಚಾಕ ಬರೂದಿಲ್ಲ."

"ಕೇಳಿದೇನ ಮುನಾಫ! ನನ್ನ ಹುಡಿಗಿ!" ಎಂದು ಪೀರಾಂಬಿ ತೊಡೆ ತಟ್ಟಿಕೊಂಡು ನಕ್ಕಳು. ಎಷ್ಟೋ ವರ್ಷದ ಮೇಲೆ ಯಾರೋ ನನ್ನನ್ನು ಪ್ರಶ್ನೆ ಕೇಳಿದ್ದರು, ನಾನು ಸರಿಯಾದ ಉತ್ತರ ಕೊಟ್ಟಿದ್ದೆ. ಸುಳ್ಳು ಯಾಕೆ ಹೇಳಲಿ, ಎದೆ ಉಬ್ಬಿ ಬಂತು. ಆ ಒಂದು ಗಳಿಗೆ ನಾನು ನಿಜವಾಗಿಯೂ ಮಂಗಳೂರಿನಿಂದ ಬಂದವಳೇ ಆಗಿದ್ದೆ.

ಅಲ್ಲಿಗೆ ಉಂಡು ಎದ್ದು ಬಂದಿದ್ದರೆ ಆಗುತ್ತಿತ್ತು. ಆದರೆ ಪೀರಾಂಬಿ ನನ್ನ ಕೈ ಬಿಡಲಿಲ್ಲ.

"ಬೇಟಾ, ಮೊದಲ ವರ್ಷ ಬಂದಾಗ ಒಂದ ಮಾತ ಹೇಳಿದ್ದಿ. 'ನನಗಿಂತ ನಮ್ಮಕ್ಕ ಭಾಳ ಶ್ಯಾಣ್ಯಾ ಅದಾಳ್ರಿ, ಆಕಿ ಓದಬೇಕಿತ್ತು' ಅಂತ. ಅದು ನನ್ನ ತಲ್ಯಾಗ ಕುಂತಬಿಟ್ಟೈತಿ. ಆಕಿ ಏನ್ ಮಾಡಾಕತ್ತಾಳ ಈಗ?"

ಸೌಭಾಗ್ಯ ಹಾಗೆ ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ. ಅವಳು ನನಗೆ ಮೀನಿನ ಕಥೆಯೆಲ್ಲ ಹೇಳಿದ್ದಳು, ಇದನ್ನು ಹೇಳಿರಲಿಲ್ಲ. ಅವ್ವನೇ ಉತ್ತರ ಕೊಟ್ಟಳು, "ಮನ್ಯಾಗ ಅದಾಳ್ರಿ."

"ಕರಕೊಂಡ ಬಾ ಮತ್ತ ಲಕ್ಕವ್ವ. ಈ ವರ್ಷದಿಂದ ಇನ್ನೊಬ್ಬ ಹುಡಿಗಿನ್ನ ಓದಸಬೇಕಂತ ಮಾಡೇನಿ. ಮೊದಲ ಆಕಿನ್ನ. ವಯಸ್ಸ ಆಗೈತಿ ಅನಬ್ಯಾಡ, ಓದಾಕ ಯಾವ ವಯಸ್ಸು? ನೀ ಒಬ್ಬಾಕೀನ ಆಗ್ತಿ ಅಂತನೂ ಅನಬ್ಯಾಡ. ಇಲ್ಲೇ ಇಬ್ರಾಹಿಂಪುರದಾಗ ನಮ್ಮ ಗೋದಾಮ ಐತಿ, ಅಲ್ಲೇ ಒಂದ ಖೋಲಿ, ಒಂದ ಕೆಲಸ ನಿನಗ. ಸುತ್ತ ಮುತ್ತ ಮಂದಿ ಇರ್ತಾರ, ಅಂಜಿಕಿ ಇಲ್ಲ. ಹೌದಲ್ಲೋ ಮುನಾಫ?"

ಅಪ್ಪ ತೀರಿದ ದಿನದಿಂದ ನನ್ನನ್ನು ಕಟ್ಟಿಹಾಕಿದ್ದ ಹಗ್ಗವನ್ನೆಲ್ಲ ಆ ಮುದುಕಿ ಒಂದೇ ಉಸಿರಿನಲ್ಲಿ ಬಿಚ್ಚಿಹಾಕಿದ್ದಳು. ಆಕಿ ನಾನ ರೀ ಎಂದು ಬಾಯಿ ತೆರೆದೆ. ನಾಲಿಗೆಯ ತುದಿಗೆ ಬಂದಿತ್ತು. ಬಾಗಿಲಲ್ಲಿ ಮುನಾಫ ಎದ್ದು ನಿಂತ. "ಈಗ ಹೋಗಿ ಕರಕೊಂಡ ಬರ್ತೇನಿ ಚಾಚಿ. ತಿಕೋಟಾ ಎಷ್ಟ ದೂರ? ಗಾಡಿ ಐತಿ. ನನ್ನ ಕಣ್ಣಿಲೆ ನೋಡಿದ ಮ್ಯಾಲೇನ ಮುಂದಿನ ಮಾತು. ಹೋದ ವರ್ಷ ಆಕಿ ಮಾಡಿದ ಮೋಸ ನೆನಪೈತಲ್ಲ?"

ನನ್ನ ಬಾಯಿ ಮುಚ್ಚಿತು. ನಾನು ರುದ್ರವ್ವ ಎಂದರೆ ಸೌಭಾಗ್ಯ ಎಲ್ಲಿ? ಮಂಗಳೂರಿನಲ್ಲಿ ಅದೇ ಹೊತ್ತಿಗೆ ತಲೆ ತಗ್ಗಿಸಿ ಬರೆಯುತ್ತಿರುವ ಹುಡುಗಿಯ ಪೆನ್ನು ಕಸಿದುಕೊಂಡ ಹಾಗೆ.

"ಬ್ಯಾಡ್ರಿ, ಬ್ಯಾಡ್ರಿ," ಎಂದಳು ಅವ್ವ. "ಮನ್ಯಾಗ ಅಂದ್ರ... ಗಂಡನ ಮನ್ಯಾಗ್ರಿ. ಲಗ್ನ ಆಗೇತ್ರಿ."

ಯಾರ ಜೊತೆಗವ್ವಾ ಎಂದು ನಾನೇ ಕೇಳುವಂತಾಗಿತ್ತು.

"ಲಗ್ನ ಆದ್ರೇನಾತು? ಆದವರೂ ಓದಾಕತ್ತಾರ. ಆಕಿ ಅತ್ತಿ ಕೂಡ ನಾ ಮಾತಾಡ್ತೇನಿ. ಯಾವೂರಿಗೆ ಕೊಟ್ಟೀರಿ?"

"ಬಬಲೇಶ್ವರ್ರಿ."

"ಬಬಲೇಶ್ವರದಾಗ ಯಾರ ಮನಿ?" ಮುನಾಫ ಆಗಲೇ ಜೇಬಿನಿಂದ ಫೋನ್ ತೆಗೆದಿದ್ದ. "ಅಲ್ಲಿ ದ್ರಾಕ್ಷಿ ಬೆಳೆಯೋರೆಲ್ಲ ನಮ್ಮ ಕಡೀನ ಮಾಲ ಹಾಕೂದು. ಹೆಸರ ಹೇಳ್ರಿ, ಈಗ ಹಚ್ಚತೇನಿ."

ಅವ್ವ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಕೆಳಗೆ ಓಣಿಯಲ್ಲಿ ಯಾರೋ ಬಾಳೆಹಣ್ಣು ಮಾರುತ್ತ ಕೂಗುತ್ತಿದ್ದ.

"ತೀರಿಕೊಂಡ್ಳ್ರಿ," ಎಂದಳು ಅವ್ವ.

ಮುನಾಫ ಫೋನನ್ನು ಮೆಲ್ಲಗೆ ಜೇಬಿಗಿಳಿಸಿದ. ಈಗ ಸಿಕ್ಕಿಬಿದ್ದೆವು, ಮೊದಲು ಮನೆಯಲ್ಲಿದ್ದಾಳೆ, ಆಮೇಲೆ ಗಂಡನ ಮನೆಯಲ್ಲಿದ್ದಾಳೆ, ಈಗ ಇಲ್ಲ, ಇಂಥ ಹರಕು ಸುಳ್ಳನ್ನು ಯಾವ ಹುಚ್ಚರು ನಂಬುತ್ತಾರೆ ಎಂದುಕೊಂಡೆ. ಪೀರಾಂಬಿ ತಡವುತ್ತ ಬಂದು ಅವ್ವನ ಹೆಗಲ ಮೇಲೆ ಕೈಯಿಟ್ಟಳು.

"ತಿಳೀತು ಲಕ್ಕವ್ವ. ನಾನೂ ಹಿಂಗ ಅಂತಿದ್ದೆ. ಅಂಜುಮ ಎಲ್ಲಿ ಅಂತ ಯಾರರ ಕೇಳಿದ್ರ, ಒಳಗ ಅದಾಳ ಅಂತಿದ್ದೆ. ನನ್ನ ತವರ ಮನಿಗೆ ಹೋಗ್ಯಾಳ ಅಂತಿದ್ದೆ. ಇಲ್ಲ ಅನ್ನಾಕ ಬಾಯಿ ಬರೂದಿಲ್ಲ ತಾಯಿಗೆ."

ಅವ್ವ ಹೋ ಎಂದು ಅತ್ತಳು. ಅದು ನಾಟಕದ ಅಳು ಅಲ್ಲ. ಎದುರಿಗೆ ಕುಂತ ಮಗಳನ್ನು ತನ್ನ ಬಾಯಿಂದಲೇ ಕೊಂದ ತಾಯಿಯ ಅಳು. ಮಗಳು ಸತ್ತ ತಾಯಿ ಆಕೆಯನ್ನು ತಬ್ಬಿಕೊಂಡು ಅತ್ತಳು. ಮುನಾಫ ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಅವನನ್ನು ಅಷ್ಟು ಹೊತ್ತು ಮನಸ್ಸಿನಲ್ಲಿ ಬೈಯುತ್ತಿದ್ದೆ, ಅವನೂ ಒಳ್ಳೆಯವನೇ. ಅದು ಇನ್ನೂ ಕಷ್ಟವಾಯಿತು.

"ಏನ್ ಸೇರ್ತಿತ್ತು ಬೇಟಾ ನಿಮ್ಮಕ್ಕಗ?" ಪೀರಾಂಬಿ ನನ್ನ ಕಡೆ ತಿರುಗಿದಳು. "ತಿನ್ನಾಕ."

ನನಗೆ ಸುಳ್ಳು ಹೊಳೆಯಲಿಲ್ಲ. "ಶೇಂಗಾ ಹೋಳಿಗಿ," ಎಂದೆ.

ಮುನಾಫ ಇಳಿದು ಹೋಗಿ ಚೌಕದಿಂದ ಶೇಂಗಾ ಹೋಳಿಗೆ ತಂದ. "ಚಾಚಿ, ಅವರ ಪದ್ಧತಿ ಬ್ಯಾರೆ ಅಲ್ಲ?" ಎಂದು ಸಣ್ಣ ದನಿಯಲ್ಲಿ ಕೇಳಿದ. "ಹಸದ ಹೋದ ಮಕ್ಕಳಿಗೆ ಎಂಥಾ ಪದ್ಧತಿ? ಇಡು," ಎಂದಳು. ಅಂಜುಮಳ ಖೀರಿನ ತಾಟಿನ ಪಕ್ಕದಲ್ಲಿ ಇನ್ನೊಂದು ತಾಟು ಇಟ್ಟರು. ಮುನಾಫ ಅವ್ವನಿಂದ ಹೆಸರು ಕೇಳಿಕೊಂಡು, ತಲೆಗೆ ಟೊಪ್ಪಿಗೆ ಹಾಕಿಕೊಂಡು ಕೈ ಎತ್ತಿ ಓದಿದ. ಓದುತ್ತ ಓದುತ್ತ ಅಂಜುಮಳ ಹೆಸರು ಬಂತು. ಅದರ ಹಿಂದೆಯೇ ನನ್ನದು.

ಆಮೇಲೆ ಪೀರಾಂಬಿ ಹೋಳಿಗೆ ಮುರಿದು ತನ್ನ ಕೈಯಾರೆ ನನ್ನ ಬಾಯಿಗಿಟ್ಟಳು. "ತಿನ್ನು. ನೀ ತಿಂದ್ರ ಆಕಿಗೆ ಮುಟ್ಟತೈತಿ." ನಾನು ತಿಂದೆ. ಬಾಯಲ್ಲಿ ಹಿಟ್ಟಾಗಿ ನಿಂತಿತು, ನುಂಗಲು ನೀರು ಬೇಕಾಯಿತು.

ಹೊರಡುವಾಗ ಮೆಟ್ಟಿಲ ತನಕ ಬಂದಳು. "ನಿನ್ನ ಓದು ಮುಗಿಯೂತನ ನನ್ನ ಮಾತ ಮಾತು. ಮತ್ತ ಆ ಎರಡನೇದು, ಅದನ್ನ ನಿಮ್ಮಕ್ಕನ ಹೆಸರಲೇ ಕೊಡ್ತೇನಿ. ರುದ್ರವ್ವನ ಹೆಸರಲೇ ಯಾರರ ಒಬ್ಬಾಕಿ ಓದ್ಲಿ." ಹೆಗಲು ತಟ್ಟಿ ಮತ್ತೆ ಅಂದಳು, "ಹಾಂ, ಮುಂದಿನ ವರ್ಷ ಈ ದಿನ ಪರೀಕ್ಷೆ ಬಂದ್ರ ಓಡಿ ಬರಬ್ಯಾಡ ಮಾರಾಯ್ತಿ. ಒಂದ ಫೋನ್ ಮಾಡಿದ್ರ ಸಾಕು. ಓದಾಕ ಕಳಿಸಿದಾಕಿ ನಾ, ಪರೀಕ್ಷೆ ಬಿಡಸ್ತೇನೇನ?"

ತಿಕೋಟಾದ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ, ನಾನು ಹಾದಿಯ ಕಡೆ. ಒಂದು ಫೋನ್. ಸೌಭಾಗ್ಯ ಕೇಳಿದ್ದಳಲ್ಲ, ಹೇಳ್ಲೇನಕ್ಕಾ ಎಂದು! ನಮ್ಮಂಥವರಿಗೆ ಕೇಳುವ ಬಾಯಿ ಇಲ್ಲ. ಕೊಡುವವರು ಬ್ಯಾಡ ಅನ್ನುತ್ತಾರೆ ಎಂದು ಮೊದಲೇ ಖಾತ್ರಿ ಮಾಡಿಕೊಂಡು, ಅವರು ಬ್ಯಾಡ ಅನ್ನುವ ಮೊದಲೇ ನಾವೇ ನಮ್ಮ ಕುತ್ತಿಗೆ ಹಿಸುಕಿಕೊಳ್ಳುತ್ತೇವೆ. ಸಿಟ್ಟು ಬಂದಿತ್ತು, ಅವ್ವನ ಮೇಲೆ, ಮುನಾಫನ ಮೇಲೆ, ಚಂದ್ರನ ಮೇಲೂ. ಆದರೆ ಅವ್ವ ಬಸ್ಸಿನ ಚೀಟಿಯನ್ನು ಮುದುಡಿ ಮುದುಡಿ ಬಿಚ್ಚುತ್ತಿದ್ದಳು, ಬೈಯಲಾಗಲಿಲ್ಲ.

ಮನೆ ಮುಟ್ಟಿದಾಗ ಅವ್ವ ನನ್ನನ್ನು ಒಳಗೆ ಬಿಡಲಿಲ್ಲ. ಹೊರಗೇ ನಿಲ್ಲಿಸಿ, ರೊಟ್ಟಿಯ ಮೇಲೆ ಉಪ್ಪು ಮೆಣಸಿನಕಾಯಿ ಇಟ್ಟು ನನ್ನ ತಲೆಯ ಸುತ್ತ ನಿವಾಳಿಸಿ ದೂರ ಒಗೆದಳು. ಒಳಗೆ ಹೋಗಿ ಹೊಸ್ತಿಲ ಆಚೆ ನಿಂತಳು. "ಮೂರ ಸಲ ಕರೀತೇನಿ. ಮೊದಲ ಎರಡಕ್ಕ ಓಗೊಡಬ್ಯಾಡ. ಮೂರನೇದಕ್ಕ ಓ ಅನ್ನು."

"ಯವ್ವಾ, ಸತ್ತಾರಂತ ಸುಳ್ಳ ಸುದ್ದಿ ಹಬ್ಬಿದ್ರ ಆಯುಷ್ಯ ಹೆಚ್ಚಾಗ್ತೈತಂತ. ನೂರ ವರ್ಷ ಬದಕ್ತೇನಿ ತಗೋ. ನೂರ ವರ್ಷ ಇದ ಶೆಡ್ಡಿನಾಗ."

"ಬಾಯಿ ಮಾಡಬ್ಯಾಡ ಬೇ, ಕೈ ಮುಗೀತೇನಿ." ಎಂದೂ ನನಗೆ ಕೈ ಮುಗಿದವಳಲ್ಲ. "ರುದ್ರವ್ವಾ... ರುದ್ರವ್ವಾ..."

ಮೂರನೆಯ ಸಲ ಅವಳಿಗೆ ದನಿ ಹೊರಡಲಿಲ್ಲ. ತುಟಿ ಅಲುಗಿದ್ದನ್ನು ನೋಡಿ ನಾನೇ ಓ ಎಂದು ಒಳಗೆ ಹೋದೆ.

ಸೌಭಾಗ್ಯಳಿಗೆ ಪರೀಕ್ಷೆ ಮುಗಿದ ಮೇಲೆ ಹೇಳಿದೆವು. ಅವಳು ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತು, ಈಗಲೇ ಅಮ್ಮಾರಿಗೆ ನಿಜ ಹೇಳುತ್ತೇನೆ ಎಂದಳು. "ಹೇಳು," ಎಂದೆ ನಾನು. "ತನ್ನ ಮಗಳಿಗೆ ಅತ್ತಂಗ ನನಗ ಅತ್ತಾಳ ಆ ಮುದುಕಿ, ಅದೂ ಮೋಸ ಅಂತ ತಿಳದು ಎದಿ ಒಡಕೊಳ್ಳಿ. ಮುನಾಫ ನಿನ್ನ ಓದೂ ಬಂದ್ ಮಾಡ್ಲಿ, ಆ ಹೊಸ ಹುಡಿಗೀದೂ ಬಂದ್ ಮಾಡ್ಲಿ. ಮೂರೂ ಮಂದಿ ಕೂಡಿ ಹಣ್ಣ ಆರಸೂಣಂತ. ಬಾಯಿ ಮುಚಗೊಂಡ ಓದು." ಬೈದೆ ಎಂದು ಅವಳಿಗೆ ನಾನೇ ಎಂಬ ಗುರುತು ಸಿಕ್ಕಿರಬೇಕು, ಹೂಂ ಎಂದಳು.

ಈ ಬೇಸಿಗೆಯಲ್ಲಿ ಹಣ್ಣು ಆರಿಸಲು ಬಬಲೇಶ್ವರದ ಆಚೆಯ ವಸ್ತಿಯಿಂದ ಮಾಸುಮಬಿ ಎಂಬ ಹೆಂಗಸು ಬಂದಳು. ಜೊತೆಗೆ ಮಗಳು ರುಕ್ಸಾರ. ಮೊದಲ ದಿನವೇ ಹುಡುಗಿ ಒಣದ್ರಾಕ್ಷಿಯಲ್ಲಿ ಕಡ್ಡಿ ಬೇರೆ, ಕಪ್ಪು ಬೇರೆ ಚಕಚಕ ಮಾಡುತ್ತಿದ್ದುದನ್ನು ನೋಡಿ, ಓದುವುದಿಲ್ಲವೇ ಎಂದು ಕೇಳಿದೆ. ಕೇಳಿದ್ದು ಬೈದ ಹಾಗೇ ಇತ್ತು. ಶೆಡ್ಡಿನಲ್ಲಿ ಎಲ್ಲರೂ ನನ್ನನ್ನು ಅಕ್ಕ ಎಂದೇ ಕರೆಯುವುದು, ಅವಳೂ ಹಾಗೇ ಕರೆದಳು.

"ಓದಾಕತ್ತೇನ್ರಿ ಅಕ್ಕಾ. ಮೈಸೂರಾಗ. ಸೂಟಿ ಐತಂತ ಅವ್ವನ ಕೂಡ ಬಂದೇನಿ. ನಮ್ಮ ವಸ್ತಿಯಿಂದ ಬಬಲೇಶ್ವರ ದಾಟಿ ಹೋದ ಹುಡಿಗೀರ ಇದ್ದಿಲ್ರಿ, ನಾನ ಮೊದಲ. ವಿಜಾಪುರದಾಗ ಒಬ್ಬರು ಅಮ್ಮಾರು ಅದಾರ, ಅವರ ಓದಸಾಕತ್ತಾರ." ಮುಖದಲ್ಲಿ ಬಿಸಿಲು ಬಿದ್ದಂಥ ಬೆಳಕು. "ಯಾರೋ ರುದ್ರವ್ವ ಅಂತ ಸತ್ತಾಕಿ ಹೆಸರಲೇ ಕೊಡ್ತಾರ್ರಿ. ವರ್ಷಕ್ಕೊಂದ ಸಲ ಹೋಗಿ ಆಕಿ ಹೋಳಿಗಿ ಉಣಬೇಕು."

ಎದುರಿನ ಸಾಲಿನಲ್ಲಿ ಅವ್ವನ ಕೈ ನಿಂತಿತು. ತಲೆ ಎತ್ತಲಿಲ್ಲ.

"ಆಕಿ ತಿಕೋಟಾ ಕಡೀಯಾಕೀನ ಅಂತ್ರಿ," ರುಕ್ಸಾರ ನನ್ನ ಹತ್ತಿರ ಸರಿದಳು. "ನಿಮಗೇನರ ಗೊತ್ತಿದ್ಳೇನ್ರಿ? ಹೆಂಗಿದ್ಳು ಅಂತ ಗೊತ್ತಿಲ್ದ ಆಕಿ ಪಾಲಿಂದು ಉಣ್ಣಾಕ ಒಂದ ನಮೂನಿ ಆಗ್ತೈತಿ."

"ಗೊತ್ತಿದ್ಳು. ಬಬಲೇಶ್ವರದಾಗ ಒಂದ ಕಾಲೇಜಿನಾಗ ಓದಿದ್ವಿ."

"ಹೆಂಗಿದ್ಳ್ರಿ?"

"ಭಾಳ ಸಿಡುಕಿ. ಆದ್ರ ಓದೂದ್ರಾಗ ಚಲೋ ಇದ್ಳು."

"ಅಯ್ಯ ಪಾಪ," ಎಂದಳು ರುಕ್ಸಾರ. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ಏನಾಗಿತ್ರಿ ಅಕ್ಕಾ ಆಕಿಗೆ?"

"ಏನೂ ಆಗಿದ್ದಿಲ್ಲ," ಎಂದೆ. "ನೀ ಪೂರಾ ಓದಿ ಮುಗಸು."